ಕೀಟತಜ್ಞರಿಗೆ ಹುಳುವಿನ ಮಾದರಿ ಕೊಡುವ ಕ್ರಮ

ಅಡಿಕೆ ಮರದ ಬುಡ ಅಗೆದಾಗ ಸಿಕ್ಕ ಬೇರುಹುಳುವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಶಿರಸಿಗೆ ಒಯ್ಯುವ ತೋಟಿಗರು ಬಹಳ. ಊರಿಂದ ಪೇಟೆಗೆ ತಲುಪುವಷ್ಟರಲ್ಲಿ ಅದು ಬೆವೆತು, ಕಪ್ಪಾಗಿ, ಕೊಳೆಯತೊಡಗಿರುತ್ತದೆ. ಅಂಥ ಹುಳುವನ್ನು ನೋಡಿ ಜಾತಿ ಗುರುತಿಸುವುದು ಎಷ್ಟು ಅನುಭವಿ ಕೀಟತಜ್ಞರಿಗೂ ಕಷ್ಟ. ಜಾತಿ ತಿಳಿಯದೆ ಔಷಧಿ ಸುರಿದರೆ ಹಣವೂ ಹಾಳು, ತೋಟದ ಕೆಳಗಿನ ಹಳ್ಳದ ನೀರೂ ಹಾಳು.

ದುಂಬಿ, ತಿಗಣೆಯಂಥ ಗಟ್ಟಿ ಮೈಯ ಕೀಟಗಳ ಕೆಲಸ ಸುಲಭ: ಡಬ್ಬಿಯಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಮೆದು ಕಾಗದದಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟರೆ ಸಾಕು. ಹತ್ತಿಯ ಎಳೆಗೆ ಕಾಲು ಸಿಕ್ಕಿ ಮುರಿಯುವುದರಿಂದ ಹತ್ತಿ ಬೇಡ.

ಹೆಚ್ಚಿನವರು ಕೆಡಿಸುವುದು ಮೆದು ಮೈಯ ಮರಿಹುಳುಗಳನ್ನು. ಜೀವಂತ ಮರಿಯನ್ನು ನೇರವಾಗಿ ಸ್ಪಿರಿಟಿಗೆ ಹಾಕಿದರೆ ಅದರ ಹೊಟ್ಟೆಯೊಳಗಿನ ರಸ ಮತ್ತು ಸೂಕ್ಷ್ಮಜೀವಿಗಳು ಒಳಗಿನಿಂದಲೇ ಕೊಳೆಸುತ್ತವೆ; ಮೈ ಕಪ್ಪಾಗುತ್ತದೆ. ಆದ್ದರಿಂದ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿತ ನಿಂತ ಮೇಲೆ ಮರಿಯನ್ನು ಅದರಲ್ಲಿ ಬಿಡಬೇಕು. ಸಣ್ಣ ಮರಿಗೆ ಅರ್ಧ ನಿಮಿಷ, ದಪ್ಪ ಬೇರುಹುಳುವಿಗೆ 2-3 ನಿಮಿಷ ಸಾಕು. ಒಲೆಯ ಮೇಲಿಟ್ಟೇ ಕುದಿಸಿದರೆ ಮೈ ಒಡೆಯುತ್ತದೆ. ನಂತರ ತೆಗೆದು, ಶೇಕಡಾ 70ರಿಂದ 80ರ ಆಲ್ಕೋಹಾಲ್ ಇರುವ ಗಾಜಿನ ಬಾಟಲಿಯಲ್ಲಿ ಪೂರ್ತಿ ಮುಳುಗುವಂತೆ ಇಡಬೇಕು. ಹುಳುವಿನ ಮೈನೀರು ಸೇರಿ ಆಲ್ಕೋಹಾಲ್ ತೆಳುವಾಗುವುದರಿಂದ ಮರುದಿನ ಅದನ್ನು ಚೆಲ್ಲಿ ಹೊಸದು ತುಂಬಬೇಕು. ಬೇರುಹುಳುವನ್ನು ಹಿಂಭಾಗ ಹಿಡಿದು ಎತ್ತಲೇಬಾರದು, ಏಕೆಂದರೆ ಆ ತುದಿಯ ಅಡಿಯಲ್ಲಿರುವ ಮುಳ್ಳುಗೂದಲುಗಳ ಸಾಲನ್ನು ನೋಡಿಯೇ ಅದರ ಜಾತಿಯನ್ನು ಗುರುತಿಸುತ್ತಾರೆ. ಔಷಧ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೋಹಾಲ್ ತಾತ್ಕಾಲಿಕವಾಗಿ ನಡೆಯುತ್ತದೆ. ಸೀಮೆಎಣ್ಣೆ, ಫಿನೈಲ್, ತೆಂಗಿನೆಣ್ಣೆ ಮೂರೂ ನಿಷ್ಪ್ರಯೋಜಕ. ಶವ ಕೆಡದಂತಿಡಲು ಬಳಸುವ ಫಾರ್ಮಾಲಿನ್‌ನಿಂದ ಹುಳು ಸೆಟೆದುಕೊಳ್ಳುವುದಲ್ಲದೆ ಡಿಎನ್‌ಎ ಪರೀಕ್ಷೆಗೂ ಅಡ್ಡಿಯಾಗುತ್ತದೆ.

ಸಿಕ್ಕ ಮರಿಗಳನ್ನೆಲ್ಲ ಕೊಲ್ಲಬಾರದು ಎಂಬುದು ನನ್ನ ಖಚಿತ ಸಲಹೆ. ಸಿಂಗಾರ ತಿನ್ನುವ ಮರಿಗಳಲ್ಲಿ ನಾಲ್ಕಾರನ್ನು ಅದೇ ಸಿಂಗಾರದ ತುಂಡಿನೊಂದಿಗೆ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ಸಾಕಬೇಕು. ಹೊರಬರುವ ಪತಂಗದಿಂದ ಜಾತಿ ನಿಶ್ಚಯವಾಗುವುದು ಸುಲಭ. ಪತಂಗದ ಬದಲು ಪುಟ್ಟ ಕಣಜ ಬಂದರೆ ತೋಟದಲ್ಲಿ ಆ ಹುಳುವಿನ ನೈಸರ್ಗಿಕ ಶತ್ರು ಇದೆ ಎಂದು ತಿಳಿಯುತ್ತದೆ, ಆ ಕಣಜವನ್ನೂ ಎಸೆಯದೆ ಕೊಡಬೇಕು. ಕಾರವಾರ, ಅಂಕೋಲಾ ಕಡೆಯ ತೆಂಗಿನ ಬಿಳಿನೊಣಕ್ಕೆ ಕ್ರಮ ಬೇರೆ: ಹಾರುವ ನೊಣಕ್ಕಿಂತ ಗರಿಯ ಅಡಿಗೆ ಅಂಟಿರುವ, ರೆಕ್ಕೆ ಬರುವ ಮುಂಚಿನ ಕೋಶಾವಸ್ಥೆಯೇ ಗುರುತಿಗೆ ಮುಖ್ಯವಾದ್ದರಿಂದ ಗರಿಯ ತುಂಡನ್ನೇ ಕಾಗದದ ಲಕೋಟೆಯಲ್ಲಿ ಹಾಕಬೇಕು.

ಇನ್ನು ಚೀಟಿ. ಊರು, ತಾಲ್ಲೂಕು, ತಾರೀಖು, ಯಾವ ಬೆಳೆಯ ಯಾವ ಭಾಗದಲ್ಲಿ ಸಿಕ್ಕಿತು, ಯಾರು ಹಿಡಿದರು, ಇತ್ತೀಚೆಗೆ ಏನು ಸಿಂಪಡಿಸಲಾಗಿದೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಮಳೆಗಾಲದ ತೇವಕ್ಕೆ ಕಳಚುತ್ತದೆ. ಚೀಟಿಯಿಲ್ಲದ ಮಾದರಿಯನ್ನು ಸಂಶೋಧನೆಗೆ ಬಳಸಲಾಗದು.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಅರಣ್ಯ ಮಹಾವಿದ್ಯಾಲಯಕ್ಕೆ ಸ್ವತಃ ಒಯ್ದು ಕೊಡುವುದು ಲೇಸು. ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಅಂಚೆಯಲ್ಲಿ ಹಾಕಬಾರದು.