ಕಡಲ ಪಕ್ಕದ ಪಾರ್ಕಿಗೆ ಹೋಗುವ ಮೊದಲು ಉಬ್ಬರ ನೋಡಿ

ಕರಾವಳಿ ನಗರದಲ್ಲಿ ಸುತ್ತಾಡಲು ಹೊರಟವರು ಮಳೆ, ಬಿಸಿಲು ನೋಡುತ್ತಾರೆ. ಉಬ್ಬರ ಇಳಿತದ ಸಮಯ ನೋಡುವವರು ಕಡಿಮೆ. ಅಳಿವೆ (ನದಿ ಕಡಲು ಸೇರುವ ಜಾಗ), ಕಾಂಡ್ಲಾ ಕಾಡು (ಮ್ಯಾಂಗ್ರೋವ್), ಕೆಸರು ಬಯಲು ಇರುವ ಕಡೆ ಮೊದಲು ಬೇಕಾಗಿದ್ದೇ ಅದು.

ಹಕ್ಕಿ ನೋಡಬೇಕಾ? ಪೂರ್ತಿ ಇಳಿತದಲ್ಲಿ ಹೋದರೆ ಅವು ದೂರದ ಕೆಸರಿನಲ್ಲಿ ಚುಕ್ಕಿಗಳಂತೆ ಕಾಣುತ್ತವೆ, ಅಷ್ಟೇ. ನೀರು ಏರುವಾಗ ಹೋಗಿ. ಕೆಸರು ಮುಳುಗುತ್ತಿದ್ದಂತೆ ಹುಳ, ಏಡಿ ಹೆಕ್ಕುತ್ತಾ ಅವೇ ದಡದ ಹತ್ತಿರ ಬರುತ್ತವೆ. ಉಬ್ಬರಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ ಸುಮ್ನೆ ಕೂತುಬಿಡಿ. ಬೆನ್ನಟ್ಟಿ ಹಾರಿಸಬೇಡಿ. ವಲಸೆ ಹಕ್ಕಿಗೆ ತಿನ್ನುವ ಹೊತ್ತೇ ಕಡಿಮೆ.

ಹೆಚ್ಚಿನ ಕಡೆ ಉಬ್ಬರ ದಿನಕ್ಕೆ ಎರಡು ಸಲ. ಮರುದಿನ ಸುಮಾರು 50 ನಿಮಿಷ ತಡ. ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ತಗ್ಗಿನ ಕಾಲುದಾರಿ ಮುಳುಗಬಹುದು.

ಇನ್ನೊಂದು ಮಾತು. ಕೆಲವು ಕಾಂಡ್ಲಾ ಮರಗಳ ಸುತ್ತ ಪೆನ್ಸಿಲ್ ನೆಟ್ಟಂತೆ ಬೇರುಗಳು ಮೇಲೆದ್ದಿರುತ್ತವೆ. ಬೇರಿಗೆ ಗಾಳಿ ಸಿಗುವುದು ಅವುಗಳಿಂದಲೇ, ತುಳಿಯಬೇಡಿ. ಮಕ್ಕಳಿಗೆ ಮೊದಲೇ ಹೇಳಿ, ಅವರಿಗೆ ಅದು ಆಟದ ಸಾಮಾನು ಅಲ್ವಾ! ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ. ನನ್ನದೊಂದು ಇನ್ನೂ ಕೆಸರಿನಲ್ಲೇ ಇದೆ.