ಹಳ್ಳದ ನೀರು ಕೆಟ್ಟಿದೆಯೇ? ಕಲ್ಲಿನಡಿಯ ಹುಳಗಳನ್ನು ನೋಡಿ

ಬಾಟಲಿಯಲ್ಲಿ ಹಿಡಿದ ನೀರನ್ನು ಪರೀಕ್ಷಿಸಿದರೆ ಹಿಡಿದ ಗಳಿಗೆಯಲ್ಲಿ ನೀರು ಹೇಗಿತ್ತು ಎಂಬುದು ಗೊತ್ತಾಗುತ್ತದೆ, ಅಷ್ಟೇ. ರಾತ್ರಿ ಬಿಟ್ಟ ಕೊಳಚೆ ಬೆಳಗಾಗುವುದರೊಳಗೆ ಹರಿದುಹೋಗಿದ್ದರೆ ಪರೀಕ್ಷೆಗೆ ಅದು ಸಿಗುವುದೇ ಇಲ್ಲ. ಕಲ್ಲಿನಡಿ ವಾಸಿಸುವ ಕೀಟಗಳ ಮರಿಗಳು ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವಂತೂ ವರ್ಷಕ್ಕೂ ಮೀರಿ ನೀರಲ್ಲೇ ಇರುತ್ತವೆ. ಬಂದದ್ದನ್ನೆಲ್ಲ ಅನುಭವಿಸಿಯೇ ಉಳಿಯಬೇಕು, ಇಲ್ಲವೇ ಸಾಯಬೇಕು. ಹಾಗಾಗಿ ಯಾವ ಹುಳ ಇದೆ ಎನ್ನುವುದಕ್ಕಿಂತ ಇರಬೇಕಾದದ್ದು ಯಾವುದು ಇಲ್ಲ ಎನ್ನುವುದೇ ಹೆಚ್ಚು ಸುಳಿವು ಕೊಡುತ್ತದೆ.

ಬೇಕಾದ ಸಾಮಾನು ಕಡಿಮೆ. ತಳ ಚಪ್ಪಟೆಯಾಗಿರುವ, ಸುಮಾರು 25–30 ಸೆಂ.ಮೀ. ಅಗಲದ ಚೌಕಟ್ಟಿನ ಕೈಬಲೆ. ಅದರ ಕಣ್ಣು 0.5 ಮಿ.ಮೀ. ಇರಲಿ. ಸೊಳ್ಳೆಪರದೆಯ ಬಟ್ಟೆ ಸಾಲದು, ಎಳೆಯ ಮರಿಗಳು ನುಸುಳಿಹೋಗುತ್ತವೆ. ಜೊತೆಗೆ ಒಂದು ಬಿಳಿ ತಟ್ಟೆ, ಪ್ಲಾಸ್ಟಿಕ್ ಚಮಚ, ಮೆತ್ತನೆಯ ಕುಂಚ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಗಡಿಯಾರ, ರಬ್ಬರ್ ಬೂಟು, ಕೈಗವಸು. ಚರಂಡಿ ನೀರು ಸೇರುವ ಹಳ್ಳದಲ್ಲಿ ಇಲಿಜ್ವರದ ರೋಗಾಣು ಇರಬಹುದು. ಕೈಕಾಲಿನಲ್ಲಿ ಗಾಯವಿದ್ದರೆ ಇಳಿಯಬೇಡಿ. ಮೊಣಕಾಲಿಗಿಂತ ಆಳಕ್ಕೂ ಹೋಗಬೇಡಿ.

ಜಾಗದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಒಂದೇ ಕಡೆ ಬಲೆ ಹಾಕಿದರೆ ಯಾವುದಕ್ಕೆ ಹೋಲಿಸುತ್ತೀರಿ? ಕೊಳಚೆ ಸೇರುವ ಬಾಯಿಗಿಂತ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ ಬೇಕು. ಎರಡರಲ್ಲೂ ಕಲ್ಲು, ಆಳ, ಹರಿವು, ನೆರಳು ಸರಿಸುಮಾರು ಒಂದೇ ಇರಬೇಕು. ಮೇಲೆ ಕಲ್ಲುಹಾಸು, ಕೆಳಗೆ ಕೆಸರು ಆದರೆ ನೀವು ಅಳೆದದ್ದು ತಳದ ವ್ಯತ್ಯಾಸವನ್ನೇ ಹೊರತು ಮಾಲಿನ್ಯವನ್ನಲ್ಲ. ಕಲ್ಲುಗಳ ಮೇಲೆ ನೀರು ಸದ್ದು ಮಾಡುತ್ತ ಹರಿಯುವ ಜಾಗ ಎಲ್ಲಕ್ಕಿಂತ ಒಳ್ಳೆಯದು. ಕೆಳಗಿನ ಜಾಗ ಚರಂಡಿಯ ಬಾಯಿಗೇ ಅಂಟಿಕೊಂಡಿರಬಾರದು. ಕೊಳಚೆ ಹಳ್ಳದ ಅಗಲಕ್ಕೂ ಬೆರೆತ ಮೇಲೆ ನೋಡಿ. ಬ್ಯಾಕ್ಟೀರಿಯಾಗಳು ಕೊಳಚೆಯನ್ನು ಕೊಳೆಸುತ್ತ ಆಮ್ಲಜನಕ ತಿನ್ನಲು ಸಮಯ ಹಿಡಿಯುವುದರಿಂದ ತೀರಾ ಕೆಟ್ಟ ಸ್ಥಿತಿ ಇನ್ನೂ ಎಷ್ಟೋ ಕೆಳಗೆ ಕಾಣಿಸುವುದುಂಟು. ಸಾಧ್ಯವಾದರೆ ಅಲ್ಲಿಯೂ ಒಂದು ಜಾಗ ಗುರುತಿಸಿಕೊಳ್ಳಿ.

ಕೆಳಗಿನ ಜಾಗದಿಂದ ಶುರುಮಾಡಿ ಮೇಲಕ್ಕೆ ಹೋಗಿ. ಇಲ್ಲದಿದ್ದರೆ ನೀವೇ ಎಬ್ಬಿಸಿದ ಹೂಳು, ಹುಳ ಎಲ್ಲ ಮುಂದಿನ ಬಲೆಗೆ ಬರುತ್ತದೆ. ಬಲೆಯ ಬಾಯಿ ಹರಿವಿಗೆ ಎದುರಾಗಿ, ತಳಕ್ಕೆ ಒತ್ತಿಕೊಂಡಿರಲಿ. ಅದರ ಮುಂದೆ, ನೀರು ಬರುವ ಕಡೆ ನಿಂತು ಬೂಟಿನಿಂದ ಕಲ್ಲುಗಳನ್ನು ಕೆದಕಿ. ಜಾಗ ಬದಲಿಸುತ್ತ ಒಟ್ಟು 3 ನಿಮಿಷ. ಆಮೇಲೆ 1 ನಿಮಿಷ ಕಲ್ಲುಗಳನ್ನು ಕೈಯಲ್ಲಿ ಎತ್ತಿ, ಅಂಟಿಕೊಂಡವನ್ನು ಕುಂಚದಿಂದ ಬಿಡಿಸಿ. ಎಲ್ಲ ಜಾಗದಲ್ಲೂ ಅಷ್ಟೇ ಹೊತ್ತು. ಒಂದು ಕಡೆ ಉತ್ಸಾಹ ಹೆಚ್ಚಾಗಿ ಐದು ನಿಮಿಷ ಕೆದಕಿದರೆ ಲೆಕ್ಕ ಕೆಟ್ಟಿತು.

ತಟ್ಟೆಯಲ್ಲಿ ಎರಡು ಸೆಂ.ಮೀ. ಹಳ್ಳದ ನೀರು ಹಾಕಿ ಬಲೆಯನ್ನು ಮಗುಚಿ, ನೆರಳಲ್ಲಿಟ್ಟು ಎರಡು ನಿಮಿಷ ಸುಮ್ಮನಿರಿ. ಕಸವೆಂದುಕೊಂಡದ್ದು ನಡೆಯತೊಡಗುತ್ತದೆ. ನೆರಳು ಬೇಕೇಬೇಕು: 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬಿಸಿಲಿಗಿಟ್ಟರೆ ಮೊದಲು ಸಾಯುವುದು ನಿಮಗೆ ಬೇಕಾದ ನಾಜೂಕು ಜೀವಿಗಳೇ.

ಮೊದಲು ಮೂರು ಗುಂಪು ಹುಡುಕಿ. ಹೊಟ್ಟೆಯ ಎರಡೂ ಬದಿ ಕಿವಿರು ಆಡಿಸುತ್ತ, ಸಾಮಾನ್ಯವಾಗಿ ಮೂರು ಬಾಲವಿರುವುದು ಮೇಫ್ಲೈ ಮರಿ. ಎರಡೇ ಬಾಲ, ಪ್ರತಿ ಕಾಲ ತುದಿಗೆ ಎರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳಿನಿಂದಲೋ ಎಲೆಚೂರಿನಿಂದಲೋ ಗೂಡು ಹೊಸೆದುಕೊಂಡು ಅದರೊಳಗಿರುವುದು ಕ್ಯಾಡಿಸ್‌ಫ್ಲೈ. ಕಡ್ಡಿಯೆಂದು ಇದನ್ನು ಎಸೆದುಬಿಡುವುದು ಸರ್ವೇಸಾಮಾನ್ಯ. ಡ್ಯಾಮ್ಸೆಲ್‌ಫ್ಲೈ ಮರಿಗೂ ಮೂರು ಬಾಲಗಳಂತೆ ಕಾಣುತ್ತವೆ, ಆದರೆ ಅವು ಎಲೆಯಂತೆ ಚಪ್ಪಟೆ. ಹೊಟ್ಟೆಯ ಬದಿಯಲ್ಲಿ ಆಡುವ ಕಿವಿರೂ ಸಾಮಾನ್ಯವಾಗಿ ಇರುವುದಿಲ್ಲ.

ಈ ಮೂರೂ ಮೇಲಿನ ಜಾಗದಲ್ಲಿದ್ದು ಕೆಳಗೆ ಇಲ್ಲ, ಅಲ್ಲಿ ಕೆಂಪು ಕೈರೋನೊಮಿಡ್ (ಸೊಳ್ಳೆಯಂತೆ ಕಾಣುವ, ಕಚ್ಚದ ನೊಣ) ಮರಿಗಳೂ ಟ್ಯೂಬಿಫೆಕ್ಸ್ ಎಂಬ ದಾರದಂಥ ಕೆಸರುಹುಳಗಳೂ ಗಿಜಿಗುಡುತ್ತಿವೆ ಎಂದರೆ ಕೊಳಚೆ ಆಮ್ಲಜನಕವನ್ನು ತಿಂದುಹಾಕಿದೆ. ಆ ಕೆಂಪು ಹಿಮೋಗ್ಲೋಬಿನ್‌ನದು. ಇದ್ದ ಅಲ್ಪಸ್ವಲ್ಪ ಆಮ್ಲಜನಕವನ್ನೂ ಅದು ಹಿಡಿದುಕೊಳ್ಳುತ್ತದೆ. ಒಂದೆರಡು ಕೆಂಪು ಹುಳ ಕಂಡದ್ದಕ್ಕೆ ಗಾಬರಿ ಬೇಡ, ಒಳ್ಳೆಯ ನೀರಲ್ಲೂ ಅವು ಇರುತ್ತವೆ. ಬಗೆಗಳು ಕಡಿಮೆಯಾಗಿ ಒಂದೆರಡು ಬಗೆಯವೇ ತುಂಬಿಕೊಂಡಿದ್ದರೆ ಅದು ಲಕ್ಷಣ. ಸೊಳ್ಳೆಮರಿ, ನೀರುಜೀರುಂಡೆಗಳು ಮೇಲಿನ ಗಾಳಿಯನ್ನು ಉಸಿರಾಡುವುದರಿಂದ ಆಮ್ಲಜನಕದ ಬಗ್ಗೆ ಅವು ಏನೂ ಹೇಳಲಾರವು.

ಕೀಟಗಳು, ಸೀಗಡಿ, ಏಡಿ ಎಲ್ಲ ಕಾಣೆಯಾಗಿ ಬಸವನಹುಳು, ಟ್ಯೂಬಿಫೆಕ್ಸ್‌ನಂಥ ಹುಳ ಮಾತ್ರ ಆರಾಮಾಗಿದ್ದರೆ ಕೀಟನಾಶಕದ ಮೇಲೆ ಅನುಮಾನಪಡಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಕೀಟ, ಸೀಗಡಿ, ಏಡಿಗಳಂಥ ಸಂಧಿಪದಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೇ ಮಾರಕ, ಬಸವನಹುಳುವಿಗೆ ಅಷ್ಟಲ್ಲ. ಬಸವನಹುಳುವೇ ಮೊದಲು ಹೋಗಿದ್ದರೆ ತಾಮ್ರದಂಥ ಲೋಹ ಇರಬಹುದು. ಕಲ್ಲಿನ ಸಂದುಗಳಲ್ಲಿ ಹೂಳು ಮೆತ್ತಿಕೊಂಡಿದ್ದರೆ ಕಲ್ಲಿಗೆ ಅಂಟಿ ಬದುಕುವವು ಹೋಗಿ ಬಿಲ ತೋಡುವವು ಉಳಿಯುತ್ತವೆ. ಇವೆಲ್ಲ ಸುಳಿವುಗಳು; ಸಾಬೀತು ಬೇಕಾದರೆ ಪ್ರಯೋಗಾಲಯಕ್ಕೆ ನೀರು, ಕೆಸರು ಕಳಿಸಲೇಬೇಕು. ಆದರೆ ಏನನ್ನು ಪರೀಕ್ಷಿಸಿ ಎಂದು ಕೇಳಬೇಕೆಂಬುದು ಈಗ ನಿಮಗೆ ಗೊತ್ತಿರುತ್ತದೆ.

ಅಂಕ ಬೇಕಾದರೆ, ಸಿಕ್ಕ ಹುಳಗಳ ಕುಟುಂಬಕ್ಕೆ ತಕ್ಕಂತೆ ನೀರಿಗೆ ಅಂಕ ಕೊಡುವ ಬಿಎಂಡಬ್ಲ್ಯುಪಿ (ಬಯಲಾಜಿಕಲ್ ಮಾನಿಟರಿಂಗ್ ವರ್ಕಿಂಗ್ ಪಾರ್ಟಿ) ಪದ್ಧತಿಯಿದೆ: ಮಾಲಿನ್ಯವನ್ನು ಸ್ವಲ್ಪವೂ ತಾಳದ ಕುಟುಂಬಗಳಿಗೆ 10, ಕೈರೋನೊಮಿಡ್‌ಗೆ 2, ಟ್ಯೂಬಿಫೆಕ್ಸ್‌ನಂಥ ಹುಳಗಳಿಗೆ 1. ಒಟ್ಟು ಅಂಕವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿಯೇ ಹೆಚ್ಚು ನಂಬಿಕೆಗೆ ಅರ್ಹ, ಕೆದಕಿದ ಶ್ರಮಕ್ಕೆ ತಕ್ಕಂತೆ ಅದು ಅಷ್ಟಾಗಿ ಏರಿಳಿಯುವುದಿಲ್ಲ. ಮೂಲ ಪಟ್ಟಿ ಬ್ರಿಟನ್ನಿನದು, ನಿಮ್ಮ ಪ್ರದೇಶಕ್ಕೆ ಹೊಂದಿಸಿದ್ದು ಸಿಕ್ಕರೆ ಅದನ್ನೇ ಬಳಸಿ. ಸ್ಟೋನ್‌ಫ್ಲೈಗೆ ತಂಪಾದ ವೇಗದ ಹರಿವು ಇಷ್ಟ; ಬೆಚ್ಚಗಿನ, ನಿಧಾನದ ಹೊಳೆಯಲ್ಲಿ ಅದಿಲ್ಲವೆಂದು ನೀರನ್ನು ದೂರಬೇಡಿ. ಪ್ರವಾಹ ಬಂದು ಎರಡು ಮೂರು ವಾರ ಆಗುವವರೆಗೆ ಬಲೆ ಹಾಕಬೇಡಿ. ರೆಕ್ಕೆ ಬಂದು ಹಾರಿಹೋಗುವ ಕಾಲದಲ್ಲಿ ದೊಡ್ಡ ಮರಿಗಳು ತಾವಾಗಿಯೇ ಕಡಿಮೆಯಾಗುವುದರಿಂದ ವರ್ಷಕ್ಕೆ ಕನಿಷ್ಠ ಎರಡು ಋತುಗಳಲ್ಲಿ ನೋಡಬೇಕು.

ಎಣಿಸಿದ ಮೇಲೆ ಹುಳಗಳನ್ನು ಹಿಡಿದ ಜಾಗಕ್ಕೇ ಬಿಡಿ. ಬಲೆ, ಬೂಟು ತೊಳೆದು ಪೂರ್ತಿ ಒಣಗಿದ ಮೇಲೆ ಮಾತ್ರ ಇನ್ನೊಂದು ಹಳ್ಳಕ್ಕೆ ಒಯ್ಯಿರಿ. ಒದ್ದೆ ಬಲೆಯಲ್ಲಿ ಅಲ್ಲಿಯದಲ್ಲದ ಜೀವಿಗಳೂ ರೋಗಾಣುಗಳೂ ಜೊತೆಗೆ ಹೋಗುತ್ತವೆ.