ಡಿಮೆನ್ಷಿಯಾ ಇರುವವರಿಗೆ ಆರೈಕೆ ಮನೆ ನೋಡುವಾಗ

ಹಾಸನದ ಸುತ್ತಮುತ್ತ ವೃದ್ಧಾಶ್ರಮಗಳಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದ್ದು ತಿಂಗಳ ಖರ್ಚಲ್ಲ, 'ಮರೆವಿನ ಕಾಯಿಲೆ ಹೆಚ್ಚಾದ ಮೇಲೂ ಇಟ್ಟುಕೊಳ್ಳುತ್ತೀರಾ?' ಅಂತ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಎಂದರೆ ಅಲ್ಲಿಗೆ ಹೋಗುವುದೇ ಬೇಡ.

ಬೆಳಿಗ್ಗೆ 11ಕ್ಕೆ ಎಲ್ಲ ಜಾಗವೂ ಚೆನ್ನಾಗೇ ಕಾಣುತ್ತದೆ. ಸಂಜೆ 5ರಿಂದ 7ರೊಳಗೆ ಹೋಗಿ. ಗಲಿಬಿಲಿ ಹೆಚ್ಚುವುದು ಹೊತ್ತು ಮುಳುಗುವಾಗ. 'ಹಸು ಕರೀಬೇಕು, ಮನೆಗೆ ಬಿಡಿ' ಎಂದು ಗೇಟಿಗೆ ಬರುವ ಅಜ್ಜಿಯನ್ನು ಗದರುತ್ತಾರೋ, ಕೈಹಿಡಿದು ಅಂಗಳ ಸುತ್ತಿಸುತ್ತಾರೋ ನೋಡಿ. 6 ಗಂಟೆಗೇ ಎಲ್ಲರೂ ತೂಕಡಿಸುತ್ತಿದ್ದರೆ, ಏನು ಮಾತ್ರೆ, ಯಾವ ಡಾಕ್ಟರು ಬರೆದದ್ದು ಎಂದು ನೇರವಾಗಿ ಕೇಳಿ. ರಾತ್ರಿ ಎಚ್ಚರವಿರುವವರು ಎಷ್ಟು ಜನ? ಮಲಗುವ ವಾಚ್‌ಮನ್ ಲೆಕ್ಕಕ್ಕಿಲ್ಲ.

ಊಟದ ಹೊತ್ತು ಹತ್ತು ನಿಮಿಷ ನಿಲ್ಲಿ. ಬೆನ್ನು ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡಬೇಕು. ಮಲಗಿಸಿ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು.

ಆಯಾಗಳಿಗೆ ಕನ್ನಡ ಬರಲೇಬೇಕು. ಈ ಕಾಯಿಲೆಯಲ್ಲಿ, ತಾಯ್ನುಡಿಯ ನಂತರ ಕಲಿತ ಭಾಷೆಗಳು ಸಾಮಾನ್ಯವಾಗಿ ಮೊದಲು ಮರೆತುಹೋಗುತ್ತವೆ. ಬಚ್ಚಲಲ್ಲಿ ಹಿಡಿಕಂಬಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಇರಲಿ. ಸಕಲೇಶಪುರ, ಮೂಡಿಗೆರೆ ಕಡೆಯಾದರೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ರಾತ್ರಿ ದೀಪ ಯುಪಿಎಸ್‌ನಲ್ಲಿ ಉರಿಯುತ್ತದಾ ಎಂದೂ ವಿಚಾರಿಸಿ.

ಅಡ್ವಾನ್ಸ್ ವಾಪಸಾತಿ, ಡಯಾಪರ್ ಖರ್ಚು, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಇರುವವರು ಯಾರು, ಎಲ್ಲವೂ ಬರಹದಲ್ಲಿರಲಿ. ಮೊದಲು ಎರಡು ವಾರದ ಮಟ್ಟಿಗೆ ಅವರನ್ನು ಅಲ್ಲಿ ಬಿಟ್ಟು ನೋಡಿ; ಆ ದಿನಗಳಲ್ಲಿ ಹೇಳದೇ ಹೋಗಿ ಬನ್ನಿ. ಮಾಹಿತಿಗೆ ಹಿರಿಯರ ಸಹಾಯವಾಣಿ 14567.